ಮುಟ್ಟಿದರೆ ಮಾಯವಾಗುವುದನ್ನು ಯಾತರಲ್ಲಿ ಇಡುವುದು?

ಜಗಳೂರು ಕಡೆ ಇರುವ ನಮ್ಮ ಮಾವನ ತೋಟದ ಬೋರ್‌ವೆಲ್ ಮೋಟಾರು ಸುಟ್ಟಿತ್ತು. ಅದನ್ನು ಹಾಕಿಕೊಂಡು ದಾವಣಗೆರೆಗೆ ಬಂದೆ. ಹಳೇ ಪಿ.ಬಿ. ರಸ್ತೆಯ ಪಕ್ಕದ ಒಂದು ವೈಂಡಿಂಗ್ ಅಂಗಡಿ. ಹಳೇ ಕಾಯಿಲ್ ಕಿತ್ತು ಹೊಸದು ಸುತ್ತಬೇಕು, ಸಂಜೆಯಾಗುತ್ತೆ ಅಂದರು. ಸುಮ್ನೆ ಕೂತು ಏನು ಮಾಡೋದು ಅಂತ ಫೋನ್ ತೆಗೆದೆ. ಸ್ವಿಟ್ಜರ್ಲೆಂಡಿನ ಸರ್ನ್ ಭೌತಶಾಸ್ತ್ರ ಪ್ರಯೋಗಾಲಯದ ಆಲ್ಫಾ ತಂಡದ ಸುದ್ದಿ ಇತ್ತು. ಏಳು ಗಂಟೆಯೊಳಗೆ 15,000ಕ್ಕೂ ಜಾಸ್ತಿ ಆಂಟಿಹೈಡ್ರೋಜನ್ ಪರಮಾಣುಗಳನ್ನು ಕೂಡಿಹಾಕಿದ ಸುದ್ದಿ ಅದು. 2025ರ ನವೆಂಬರಿನಲ್ಲಿ ಅವರು ಪ್ರಕಟಿಸಿದ ಕೆಲಸ. ಮೊದಲು ಹೆಚ್ಚುಕಮ್ಮಿ ಅಷ್ಟೇ ಪರಮಾಣು ಕೂಡಿಸಲು ಅವರಿಗೆ ಹತ್ತು ವಾರ ಹಿಡಿದಿತ್ತು.

ಸ್ಟೇಟರಿನ ಸ್ಲಾಟಿನೊಳಗೆ ಒಂದೊಂದೇ ವೈರ್ ತೂರಿಸುತ್ತಿದ್ದ ಅಂಗಡಿಯ ಅಣ್ಣ ತಲೆ ಎತ್ತದೆ ಕೇಳಿದರು. "ಏನ್ ಸರ, ಭಾರಿ ಧ್ಯಾನದಾಗೆ ಓದಾಕತ್ತೀರಿ?"

ತಿಳಿದಷ್ಟು ಹೇಳಿದೆ. ಪ್ರತಿ ಕಣಕ್ಕೂ ಒಂದು ಉಲ್ಟಾ ಜೋಡಿ ಇದೆ, ಅದಕ್ಕೆ ಆಂಟಿಮ್ಯಾಟರ್ ಅಂತಾರೆ, ಅದು ನಮ್ಮ ಲೋಕದ ಯಾವ ವಸ್ತುವಿಗೆ ತಾಗಿದರೂ ಎರಡೂ ಇಲ್ಲವಾಗಿ ಬರೀ ಶಕ್ತಿ ಉಳಿಯುತ್ತೆ, ಅಂಥದ್ದನ್ನು ಈಗ ಹಿಡಿದಿಟ್ಟು ಪರೀಕ್ಷೆ ಮಾಡುತ್ತಿದ್ದಾರೆ ಅಂತ. ಅವರು ಕೈಯಲ್ಲಿದ್ದ ಸುತ್ತು ಮುಗಿಸಿದರು. ಆಮೇಲೆ ಅಂದರು: "ಅಲ್ರೀ ಸರ, ಯಾತಕ್ಕೆ ತಾಗಿದ್ರೂ ಎಲ್ಡೂ ಮಾಯ ಅಂತೀರಿ. ಹಂಗಾದ್ರೆ ಅದನ್ನ ಯಾತರಾಗೆ ಇಡ್ತಾರೆ?"

ಆಂಟಿಮ್ಯಾಟರ್ ಬಗ್ಗೆ ನಮ್ಮಲ್ಲಿ ಬರುವ ಬರಹಗಳೆಲ್ಲ ಬ್ರಹ್ಮಾಂಡದ ಹುಟ್ಟಿನಿಂದ ಶುರುವಾಗಿ ಬಾಂಬಿನಲ್ಲಿ ಮುಗಿಯುತ್ತವೆ. ಈ ಅಣ್ಣ ಕೇಳಿದ್ದು ಪಾತ್ರೆಯ ವಿಷಯ. ನನಗೆ ಅನ್ನಿಸೋದು, ಕೇಳಬೇಕಾದ್ದು ಅದನ್ನೇ. ಆಂಟಿಮ್ಯಾಟರ್ ಇದೆ ಎನ್ನುವುದು ಗೊತ್ತಾಗಿ ಒಂಬತ್ತು ದಶಕ ಕಳೆದಿದೆ. ಅದನ್ನು ಇಡುವ ಪಾತ್ರೆ ಮಾಡೋದರಲ್ಲೇ ಹೆಚ್ಚಿನ ಆಯಸ್ಸು ಹೋಗಿದೆ.

ಬಾಳೆಹಣ್ಣಿನಲ್ಲೂ ಇದೆ

ಹಿನ್ನೆಲೆ ಬೇಗ ಮುಗಿಸುತ್ತೇನೆ. 1928ರಲ್ಲಿ ಪಾಲ್ ಡಿರಾಕ್ ಎಲೆಕ್ಟ್ರಾನಿಗೆ ಒಂದು ಸಮೀಕರಣ ಬರೆದರು. ಅದಕ್ಕೆ ಎರಡು ಥರದ ಉತ್ತರ ಬಂತು. ಒಂದು ನಮಗೆ ಗೊತ್ತಿದ್ದ ಎಲೆಕ್ಟ್ರಾನು. ಇನ್ನೊಂದಕ್ಕೆ ತೂಕ ಅದೇ, ಚಾರ್ಜು ಮಾತ್ರ ಉಲ್ಟಾ. 1932ರಲ್ಲಿ ಕಾರ್ಲ್ ಆಂಡರ್ಸನ್ ಆಕಾಶದಿಂದ ಬರುವ ಕಾಸ್ಮಿಕ್ ಕಿರಣಗಳ ಫೋಟೋದಲ್ಲಿ ಅದರ ಗೆರೆ ಕಂಡರು. ಅದೇ ಪಾಸಿಟ್ರಾನ್. ಪ್ರೋಟಾನಿನ ಜೋಡಿ ಆಂಟಿಪ್ರೋಟಾನ್ 1955ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಸಿಕ್ಕಿತು.

ಇದು ಎಲ್ಲೋ ದೂರದ ಪದಾರ್ಥ ಅಂದುಕೊಳ್ಳಬೇಡಿ. ಬಾಳೆಹಣ್ಣಿನಲ್ಲಿ ಪೊಟ್ಯಾಸಿಯಂ ಇರುತ್ತೆ, ಅದರಲ್ಲಿ ಒಂದು ಚೂರು ವಿಕಿರಣ ಸೂಸುವ ಬಗೆಯದ್ದು. ಲೆಕ್ಕ ಹಾಕಿದರೆ ಒಂದು ಹಣ್ಣು ಒಂದೆರಡು ಗಂಟೆಗೊಮ್ಮೆ ಒಂದು ಪಾಸಿಟ್ರಾನ್ ಹೊರಹಾಕುತ್ತೆ. ಅದು ಪಕ್ಕದ ಎಲೆಕ್ಟ್ರಾನಿಗೆ ತಾಗಿ ಅಲ್ಲೇ ಮುಗಿಯುತ್ತೆ. ಕ್ಯಾನ್ಸರ್ ರೋಗಿಗಳಿಗೆ ಮಾಡಿಸುವ ಪೆಟ್ ಸ್ಕ್ಯಾನಿನ ಮೊದಲ ಅಕ್ಷರ ಪಾಸಿಟ್ರಾನಿನದ್ದೇ. ಅಲ್ಲಿ ಪಾಸಿಟ್ರಾನ್ ದೇಹದೊಳಗೆ ಇಲ್ಲವಾಗುವಾಗ ಹೊರಡುವ ಗಾಮಾ ಕಿರಣ ಹಿಡಿದೇ ಗಡ್ಡೆ ಎಲ್ಲಿದೆ ಅಂತ ನೋಡುತ್ತಾರೆ. ಹುಟ್ಟಿಸೋದು ಕಷ್ಟವಲ್ಲ, ಉಳಿಸಿಕೊಳ್ಳೋದು ಕಷ್ಟ.

ಉಳಿಸಿಕೊಂಡು ಏನು ಮಾಡುತ್ತಾರೆ? ಬ್ರಹ್ಮಾಂಡ ಹುಟ್ಟಿದಾಗ ಮಾಮೂಲಿ ವಸ್ತುವೂ ಆಂಟಿಮ್ಯಾಟರೂ ಸಮಸಮವಾಗಿ ಹುಟ್ಟಿರಬೇಕು ಅಂತ ನಮ್ಮ ಈಗಿನ ಭೌತಶಾಸ್ತ್ರ ಹೇಳುತ್ತೆ. ಹಾಗಾಗಿದ್ದರೆ ಒಂದನ್ನೊಂದು ತಿಂದು ಎರಡೂ ಖಾಲಿಯಾಗಬೇಕಿತ್ತು, ನೀವೂ ಇರುತ್ತಿರಲಿಲ್ಲ, ನಾನೂ ಇರುತ್ತಿರಲಿಲ್ಲ. ಆದರೆ ಒಂದು ಪಾಲು ಉಳಿದಿದೆ. ಯಾಕೆ? ಎರಡರ ಸ್ವಭಾವದಲ್ಲಿ ಎಲ್ಲೋ ಒಂದು ಕೂದಲೆಳೆಯ ವ್ಯತ್ಯಾಸ ಇರಬಹುದಾ? ಅದನ್ನು ಹುಡುಕಲು ಹೈಡ್ರೋಜನ್ನೂ ಆಂಟಿಹೈಡ್ರೋಜನ್ನೂ ಅಕ್ಕಪಕ್ಕ ಇಟ್ಟು ಅಳೆಯಬೇಕು. ಹೈಡ್ರೋಜನ್ನೇ ಯಾಕೆಂದರೆ ಅದಕ್ಕಿಂತ ಸರಳವಾದ ಪರಮಾಣು ಇಲ್ಲ, ಅದನ್ನು ಅಳೆದಷ್ಟು ನಿಖರವಾಗಿ ಬೇರೆ ಕೆಲವನ್ನಷ್ಟೇ ಅಳೆದಿದ್ದಾರೆ.

ಓಡುವುದನ್ನು ನಿಲ್ಲಿಸುವ ಕಾರ್ಖಾನೆ

ಸರ್ನ್ ಅಂದರೆ ಕಣಗಳನ್ನು ಓಡಿಸಿ ಡಿಕ್ಕಿ ಹೊಡೆಸುವ ಜಾಗ ಅಂತಲೇ ಎಲ್ಲರಿಗೂ ಗೊತ್ತು. ಅದೇ ಆವರಣದಲ್ಲಿ ಕಣಗಳ ಓಟ ಇಳಿಸುವುದಕ್ಕೇ ಒಂದು ಕಟ್ಟಡ ಇದೆ. ಪ್ರೋಟಾನ್‌ಗಳನ್ನು ಜೋರಾಗಿ ಓಡಿಸಿ ಇರಿಡಿಯಂ ಲೋಹದ ತುಂಡಿಗೆ ಬಡಿಸುತ್ತಾರೆ. ಸುಮಾರು ಹತ್ತು ಲಕ್ಷ ಡಿಕ್ಕಿಗೆ ಒಂದು ಆಂಟಿಪ್ರೋಟಾನ್ ಹುಟ್ಟುತ್ತೆ. ಹುಟ್ಟಿದ್ದೂ ಬೆಳಕಿನ ವೇಗದ ಹತ್ತಿರ ಓಡುತ್ತಿರುತ್ತೆ. 182 ಮೀಟರ್ ಸುತ್ತಳತೆಯ ಉಂಗುರದಲ್ಲಿ ಸುತ್ತಿಸುತ್ತಾ ಅದರ ವೇಗ ಇಳಿಸುತ್ತಾರೆ. ಆಮೇಲೆ ಎಲೆನಾ ಅನ್ನುವ 30 ಮೀಟರಿನ ಸಣ್ಣ ಉಂಗುರದಲ್ಲಿ ಇನ್ನಷ್ಟು ಇಳಿಸುತ್ತಾರೆ. ಎಲೆನಾ ಬರುವ ಮುಂಚೆ ತೆಳುವಾದ ಲೋಹದ ಹಾಳೆ ಅಡ್ಡ ಹಿಡಿದು ತಡೆಯುತ್ತಿದ್ದರು. ಅದರಲ್ಲಿ ಬಹುಪಾಲು ಕಣಗಳು ಅಲ್ಲೇ ಹೋಗುತ್ತಿದ್ದವು. ಇಷ್ಟು ಕಷ್ಟಪಟ್ಟು ಹುಟ್ಟಿಸಿದ್ದನ್ನು ಹಾಳೆಗೆ ಬಡಿದು ಕಳೆದುಕೊಳ್ಳೋದು ಅಂದರೆ ಹೊಟ್ಟೆ ಉರಿಯೋದಿಲ್ಲವಾ?

ಪಾಸಿಟ್ರಾನ್ ಸಿಗುವುದು ಇದಕ್ಕಿಂತ ಸುಲಭ. ಸೋಡಿಯಂ-22 ಅನ್ನುವ ವಿಕಿರಣ ಪದಾರ್ಥ ತಾನಾಗೇ ಅದನ್ನು ಸೂಸುತ್ತಿರುತ್ತೆ. ಗಟ್ಟಿಯಾಗಿ ಹೆಪ್ಪುಗಟ್ಟಿದ ನಿಯಾನ್ ಪದರದೊಳಗೆ ಹಾಯಿಸಿ ಅದರ ವೇಗ ತಗ್ಗಿಸುತ್ತಾರೆ.

ಈಗ ಅಣ್ಣನ ಪ್ರಶ್ನೆ. ಯಾತರಲ್ಲಿ ಇಡೋದು?

ಚಿತ್ರದುರ್ಗದ ಪಕ್ಕದವರಿಗೆ ಬಲೆ, ಬಂಧನ ಅಂದ ಕೂಡಲೇ ಏಳು ಸುತ್ತಿನ ಕೋಟೆ ನೆನಪಾಗುತ್ತೆ. ಆ ಹೋಲಿಕೆ ಇಲ್ಲಿ ಕೆಲಸ ಮಾಡೋದಿಲ್ಲ. ಕೋಟೆಗೆ ಗೋಡೆಯೇ ಬಲ. ಇಲ್ಲಿ ಗೋಡೆಯೇ ಶತ್ರು. ಗೋಡೆ ಇಲ್ಲದೆ ಕಟ್ಟಿಹಾಕಬೇಕು. ಅದಕ್ಕೆ ಸರಿಯಾದ ಹೋಲಿಕೆ ಒಕ್ಕಣೆಯ ಕಣ. ಕನ್ನಡದಲ್ಲಿ ಪಾರ್ಟಿಕಲ್ಲಿಗೂ ಕಣ, ಒಕ್ಕುವ ಜಾಗಕ್ಕೂ ಕಣ, ಎಂಥ ಅನುಕೂಲ ನೋಡಿ. ಕಣದ ನಡುವೆ ಮೇಟಿ ನೆಟ್ಟು ಎತ್ತು ಕಟ್ಟಿದರೆ ಅದು ಸುತ್ತುತ್ತಲೇ ಇರುತ್ತೆ, ಬೇಲಿ ಬೇಕಿಲ್ಲ. (ಈಗ ಮೇಟಿಯೂ ಇಲ್ಲ, ಹಂತಿಯೂ ಇಲ್ಲ, ರಾಗಿಯನ್ನು ಡಾಂಬರು ರಸ್ತೆ ಮೇಲೆ ಹಾಕಿ ಬಸ್ಸಿಗೆ ಒಕ್ಕಲು ಬಿಡುತ್ತಾರೆ. ಅದು ಬೇರೆ ಮಾತು.) ಚಾರ್ಜು ಇರುವ ಕಣವನ್ನು ಜೋರಾದ ಕಾಂತಕ್ಷೇತ್ರದಲ್ಲಿ ಬಿಟ್ಟರೆ ಅದೂ ಹೀಗೇ ಕಾಂತದ ಗೆರೆಯ ಸುತ್ತ ಸುತ್ತುತ್ತೆ, ಪಕ್ಕಕ್ಕೆ ಹೋಗೋದಿಲ್ಲ. ಹಿಂದಕ್ಕೂ ಮುಂದಕ್ಕೂ ಜಾರಬಾರದಲ್ಲ, ಅದಕ್ಕೆ ಎರಡೂ ತುದಿಗೆ ಲೋಹದ ಬಳೆ ಇಟ್ಟು ವೋಲ್ಟೇಜ್ ಕೊಡುತ್ತಾರೆ. ಕಣ ತುದಿಗೆ ಬಂದರೆ ಆ ವೋಲ್ಟೇಜು ವಾಪಸು ತಳ್ಳುತ್ತೆ. ಇದಕ್ಕೆ ಪೆನ್ನಿಂಗ್ ಟ್ರ್ಯಾಪ್ ಅಂತ ಹೆಸರು. ಇಂಥ ಬಲೆ ಬೆಳೆಸಿದ್ದಕ್ಕೆ ಹಾನ್ಸ್ ಡೆಮೆಲ್ಟ್ ಅವರಿಗೆ 1989ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಬಂತು. ಸರ್ನಿನ ಬೇಸ್ ಅನ್ನುವ ತಂಡ ಇಂಥ ಬಲೆಯಲ್ಲಿ ಆಂಟಿಪ್ರೋಟಾನ್‌ಗಳನ್ನು 405 ದಿನ ಇಟ್ಟುಕೊಂಡಿತ್ತು. ವರ್ಷಕ್ಕೂ ಜಾಸ್ತಿ!

ಇಲ್ಲೊಂದು ತಮಾಷೆ ಇದೆ. ಆಂಟಿಪ್ರೋಟಾನನ್ನೂ ಪಾಸಿಟ್ರಾನನ್ನೂ ಒಂದೇ ಬಲೆಯಲ್ಲಿ ಬೆರೆಸಿದರೆ ಜೋಡಿಯಾಗಿ ಆಂಟಿಹೈಡ್ರೋಜನ್ ಪರಮಾಣು ಆಗುತ್ತೆ. ಆದ ಕ್ಷಣವೇ ಅದರ ಒಟ್ಟು ಚಾರ್ಜು ಸೊನ್ನೆ. ಮೇಟಿಗೆ ಕಟ್ಟಿದ ಹಗ್ಗ ಕಡಿದ ಹಾಗೆ. ಯಾವ ಬಲೆಯಲ್ಲಿ ಹುಟ್ಟಿತೋ ಆ ಬಲೆಗೇ ಅದು ಸಿಗೋದಿಲ್ಲ, ತೇಲಿಕೊಂಡು ಹೋಗಿ ಗೋಡೆಗೆ ತಾಗಿ ಮುಗಿಯುತ್ತೆ. ತಣ್ಣನೆಯ ಆಂಟಿಹೈಡ್ರೋಜನ್ ಹುಟ್ಟಿಸಿದ್ದು 2002ರಲ್ಲಿ. ಮೊದಲ ಸಲ ಹಿಡಿದು ನಿಲ್ಲಿಸಿದ್ದು 2010ರಲ್ಲಿ. ನಡುವಿನ ಎಂಟು ವರ್ಷ ಪಾತ್ರೆಯ ಕೆಲಸ.

ಸಾವಿರ ಆಂಪಿಯರಿನ ವೈಂಡಿಂಗ್

ಚಾರ್ಜು ಹೋದರೂ ಒಂದು ಹಿಡಿ ಉಳಿದಿರುತ್ತೆ. ಆಂಟಿಹೈಡ್ರೋಜನ್ ಪರಮಾಣು ತಾನೇ ಒಂದು ಪುಟಾಣಿ ಆಯಸ್ಕಾಂತ. ನಡುವೆ ಕಾಂತಕ್ಷೇತ್ರ ಕಡಿಮೆ, ಎಲ್ಲಾ ದಿಕ್ಕಿಗೂ ಹೋದಷ್ಟೂ ಜಾಸ್ತಿ, ಹೀಗೆ ಒಂದು ಕಾಂತದ ಬೋಗುಣಿ ಮಾಡಿದರೆ ಅವುಗಳಲ್ಲಿ ಒಂದು ಪಾಲು ನಡುವೆ ನಿಲ್ಲುತ್ತೆ, ಬೋಗುಣಿಯ ತಳದಲ್ಲಿ ಗೋಲಿ ನಿಂತ ಹಾಗೆ. ತೊಂದರೆ ಏನೆಂದರೆ ಈ ಬೋಗುಣಿ ತೀರಾ ಮಟ್ಟಸ. ಎಷ್ಟೇ ಬಲವಾದ ಮ್ಯಾಗ್ನೆಟ್ ಹಾಕಿದರೂ ಅದರ ಆಳ, ಬಿಸಿಯ ಲೆಕ್ಕದಲ್ಲಿ, ಸುಮಾರು ಅರ್ಧ ಕೆಲ್ವಿನ್ ಅಷ್ಟೇ (ಕೆಲ್ವಿನ್ ಅಂದರೆ ಮೈನಸ್ 273 ಡಿಗ್ರಿಯನ್ನು ಸೊನ್ನೆ ಅಂತ ಎಣಿಸುವ ಅಳತೆ). ಅಂದರೆ ಪರಮಾಣು ಸೆಕೆಂಡಿಗೆ ಸುಮಾರು ನೂರು ಮೀಟರಿಗಿಂತ ನಿಧಾನ ಇರಬೇಕು. ಜೋರಾದವು ಅಂಚು ಹಾರಿ ಹೋಗುತ್ತವೆ. ನಮ್ಮ ಕೋಣೆಯ ಬಿಸಿಯಲ್ಲಿರುವ ಹೈಡ್ರೋಜನ್ ಪರಮಾಣು ಓಡೋದು ಸೆಕೆಂಡಿಗೆ ಎರಡೂವರೆ ಕಿಲೋಮೀಟರಿನಷ್ಟು.

ಫೋನಿನಲ್ಲಿ ಆಲ್ಫಾ ತಂಡದ ಮ್ಯಾಗ್ನೆಟ್ಟಿನ ಚಿತ್ರ ಹುಡುಕಿ ಅಣ್ಣನಿಗೆ ತೋರಿಸಿದೆ. ಕೈ ಒರೆಸಿಕೊಂಡು ಫೋನ್ ತೆಗೆದುಕೊಂಡರು. ಎರಡು ಬೆರಳಿಟ್ಟು ದೊಡ್ಡದು ಮಾಡಿ ನೋಡಿದರು. ಒಂದು ಕೊಳವೆ, ಅದರ ಮೈಮೇಲೆ ಉದ್ದುದ್ದ ಹೋಗಿ ತುದಿಯಲ್ಲಿ ತಿರುಗಿ ಬರುವ ವೈರು, ಪದರದ ಮೇಲೆ ಪದರ. "ಇದು ಎಂಟು ಪೋಲಿಂದು ಅಲ್ಲೇನ್ರಿ?" ಅಂದರು. ನಾನು ಹೇಳಿರಲಿಲ್ಲ. ಅದರ ಹೆಸರೇ ಆಕ್ಟುಪೋಲ್. ಎರಡು ಪೋಲ್, ನಾಲ್ಕು ಪೋಲಿನ ಮೋಟಾರು ಸುತ್ತಿ ಸುತ್ತಿ ಅವರ ಕಣ್ಣಿಗೆ ಅದು ತಾನಾಗೇ ಕಂಡಿತ್ತು.

ಆ ಮ್ಯಾಗ್ನೆಟ್ಟುಗಳನ್ನು ಸುತ್ತಿದ್ದು ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ. ವೈರು ನಿಯೋಬಿಯಂ ಮತ್ತು ಟೈಟಾನಿಯಂ ಬೆರೆತದ್ದು. ಅದನ್ನು ದ್ರವ ಹೀಲಿಯಂನಲ್ಲಿ ಮೈನಸ್ 269 ಡಿಗ್ರಿಗೆ ಇಳಿಸಿದರೆ ಕರೆಂಟಿಗೆ ಅಡ್ಡಿಯೇ ಇರೋದಿಲ್ಲ, ಅಂಥದ್ದಕ್ಕೆ ಸೂಪರ್‌ಕಂಡಕ್ಟರ್ ಅಂತಾರೆ. ಹತ್ತು ಎಚ್‌ಪಿ ಮೋಟಾರು 15 ಆಂಪಿಯರ್ ಆಸುಪಾಸು ಎಳೆಯುತ್ತೆ. ಇದರಲ್ಲಿ ಹರಿಯೋದು ಸಾವಿರ ಆಂಪಿಯರಿನಷ್ಟು. ವೈಂಡಿಂಗಿನವರಿಗೆ ಗೊತ್ತಿರುವ ಭಯವೇ ಅಲ್ಲೂ ಇದೆ. ಒಂದು ಕಡೆ ವೈರು ಸ್ವಲ್ಪ ಅಲುಗಿ ಬಿಸಿಯಾದರೆ ಅಷ್ಟು ಜಾಗದಲ್ಲಿ ಸೂಪರ್‌ಕಂಡಕ್ಟರ್ ಗುಣ ಹೋಗುತ್ತೆ. ಅಲ್ಲಿ ಇನ್ನೂ ಬಿಸಿ, ಪಕ್ಕಕ್ಕೂ ಬಿಸಿ, ಕ್ಷಣದಲ್ಲಿ ಇಡೀ ಕಾಯಿಲ್. ಒಳಗಿನ ಹೀಲಿಯಂ ಕುದಿದು ಆವಿಯಾಗಿ ನುಗ್ಗುತ್ತೆ. ಇದಕ್ಕೆ ಕ್ವೆಂಚ್ ಅಂತಾರೆ. ನಮ್ಮ ಕಡೆ "ಕಾಯಿಲ್ ಹೋಯ್ತು" ಅನ್ನೋದರ ಅಣ್ಣ ಅದು. ಅದಕ್ಕೇ ಬಿಸಿಯ ಸುಳಿವು ಸಿಕ್ಕ ಕೂಡಲೇ ಕರೆಂಟನ್ನು ಹೊರಗಿನ ರೆಸಿಸ್ಟರಿಗೆ ತಿರುಗಿಸುವ ವ್ಯವಸ್ಥೆ ಇಟ್ಟಿರುತ್ತಾರೆ.

ಇನ್ನೊಂದು ಸಣ್ಣ ಸಂಗತಿ ನನಗೆ ತುಂಬಾ ಇಷ್ಟ. ಮೋಟಾರಿನಲ್ಲಿ ವೈರನ್ನು ಬಿಗಿಯಾಗಿ ಹಿಡಿಯಲು ಕಬ್ಬಿಣದ ಸ್ಟೇಟರ್ ಇದೆ. ಇಲ್ಲಿ ಭಾರದ ಲೋಹ ಹಾಕುವ ಹಾಗಿಲ್ಲ. ಆಂಟಿಹೈಡ್ರೋಜನ್ ಗೋಡೆಗೆ ತಾಗಿ ಮುಗಿದಾಗ ಪಯಾನ್ ಅನ್ನುವ ಕಣಗಳು ಸಿಡಿಯುತ್ತವೆ. ಅವು ಮ್ಯಾಗ್ನೆಟ್ಟನ್ನೂ ದಾಟಿ ಹೊರಗಿನ ಸಿಲಿಕಾನ್ ಡಿಟೆಕ್ಟರಿಗೆ ನೇರವಾಗಿ ಬರಬೇಕು. ನಡುವೆ ದಪ್ಪ ಉಕ್ಕು ಇದ್ದರೆ ದಾರಿ ತಪ್ಪುತ್ತವೆ. ಅದಕ್ಕೇ ವೈರನ್ನು ಹಗುರವಾದ ಫೈಬರ್ ಮತ್ತು ಅಂಟಿನ ಹೊದಿಕೆಯಲ್ಲೇ ಬಿಗಿದಿದ್ದಾರೆ. ಹಿಡಿಯಲು ಕಟ್ಟಿದ ಯಂತ್ರವೇ ನೋಡಲು ಕಿಟಕಿಯೂ ಆಗಬೇಕು.

ಸಿಕ್ಕಿದೆ ಅಂತ ಗೊತ್ತಾಗೋದು ಹೇಗೆ? ಬಿಟ್ಟಾಗ. ಮ್ಯಾಗ್ನೆಟ್ಟನ್ನು ಸೆಕೆಂಡಿನ ನೂರನೇ ಒಂದು ಭಾಗದಷ್ಟು ಹೊತ್ತಿನಲ್ಲಿ ಆರಿಸುತ್ತಾರೆ. ಒಳಗಿದ್ದ ಪರಮಾಣು ಗೋಡೆಗೆ ತಾಗುತ್ತೆ, ಡಿಟೆಕ್ಟರಿನಲ್ಲಿ ಗೆರೆ ಮೂಡುತ್ತೆ. ಸತ್ತ ಮೇಲೇ ಇತ್ತು ಅಂತ ಗೊತ್ತಾಗುವ ಜೀವ. 2010ರ ಆ ಮೊದಲ ಪ್ರಯೋಗದಲ್ಲಿ 335 ಸಲ ಪ್ರಯತ್ನಿಸಿ ಒಟ್ಟು ಸಿಕ್ಕಿದ್ದು 38 ಪರಮಾಣು. ಅದರ ಮರುವರ್ಷ ಹಿಡಿದಿಟ್ಟ ಹೊತ್ತು ಸಾವಿರ ಸೆಕೆಂಡಿಗೆ ಏರಿತು, ಹದಿನಾರು ನಿಮಿಷಕ್ಕೂ ಜಾಸ್ತಿ. ಈಗಿನ 15,000ದ ಗುಟ್ಟು ಪಾಸಿಟ್ರಾನ್ ತಣಿಸುವ ಹೊಸ ಉಪಾಯ. ಲೇಸರ್ ಬೆಳಕಿನಿಂದ ತಣ್ಣಗೆ ಮಾಡಿದ ಬೆರಿಲಿಯಂ ಅಯಾನುಗಳನ್ನು ಪಾಸಿಟ್ರಾನ್‌ಗಳ ಜೊತೆ ಬಿಡುತ್ತಾರೆ. ಬಿಸಿ ಹಾಲಿನ ಲೋಟವನ್ನು ತಣ್ಣೀರಲ್ಲಿ ಇಟ್ಟ ಹಾಗೆ. ಪಾಸಿಟ್ರಾನ್ ಎಷ್ಟು ತಣ್ಣಗೋ ಹುಟ್ಟುವ ಪರಮಾಣು ಅಷ್ಟು ನಿಧಾನ, ಬೋಗುಣಿಯಲ್ಲಿ ನಿಲ್ಲುವುದೂ ಅಷ್ಟು ಜಾಸ್ತಿ.

ಬೆರಳಚ್ಚು ಸಾಕು

ಮ್ಯಾಗ್ನೆಟ್ ಆಯಿತು. ಗಾಳಿ? ಒಳಗೆ ಉಳಿದ ಒಂದೊಂದು ಗಾಳಿಯ ಕಣವೂ ಆಂಟಿಮ್ಯಾಟರಿಗೆ ಯಮ. ಅದಕ್ಕೆ ಪಂಪ್ ಹಚ್ಚಿ ಗಾಳಿ ಎಳೆಯುತ್ತಾರೆ. ಆದರೆ ಪಂಪಿನಿಂದಲೇ ಎಲ್ಲಾ ಹೋಗೋದಿಲ್ಲ. ಸ್ಟೀಲಿನ ಮೈಗೆ ಅಂಟಿದ ನೀರಿನ ಪಸೆ ದಿನಗಟ್ಟಲೆ ಬಿಡುತ್ತಾ ಇರುತ್ತೆ. ಬರಿಗೈಯಲ್ಲಿ ಒಮ್ಮೆ ಮುಟ್ಟಿದರೆ ಬೆರಳಚ್ಚಿನ ಎಣ್ಣೆಯೇ ವಾರಗಟ್ಟಲೆ ಕಾಡುತ್ತೆ. ಹಾಗಾಗಿ ಗ್ಲೌಸ್ ಹಾಕಿಯೇ ಕೆಲಸ. ಇಂಥ ಪಾತ್ರೆಗಳನ್ನು ಸಾಮಾನ್ಯವಾಗಿ ಸುತ್ತಲೂ ಹೀಟರ್ ಟೇಪ್ ಸುತ್ತಿ ದಿನಗಟ್ಟಲೆ ಕಾಯಿಸಿ ಪಸೆ ಓಡಿಸುತ್ತಾರೆ. ಜೋಡಣೆಗೆ ರಬ್ಬರ್ ವಾಷರ್ ನಡೆಯೋದಿಲ್ಲ, ತಾಮ್ರದ ವಾಷರೇ ಬೇಕು. ಎರಡು ಕಡೆಯ ಉಕ್ಕಿನ ಚೂಪು ಅಂಚು ಅದರೊಳಗೆ ಕಚ್ಚಿಕೊಳ್ಳುತ್ತೆ. ಒಮ್ಮೆ ಬಿಚ್ಚಿದರೆ ಆ ವಾಷರ್ ಗುಜರಿಗೆ.

ಸೋರಿಕೆ ಹುಡುಕುವ ಕ್ರಮ ಸೈಕಲ್ ಪಂಕ್ಚರ್ ಅಂಗಡಿಯದ್ದೇ. ಅಲ್ಲಿ ಟ್ಯೂಬನ್ನು ನೀರಿನ ಬಾಣಲೆಯಲ್ಲಿ ಮುಳುಗಿಸಿ ಗುಳ್ಳೆ ಎಲ್ಲಿ ಬರುತ್ತೆ ನೋಡುತ್ತಾರೆ. ಇಲ್ಲಿ ಒಳಗೆ ನಿರ್ವಾತ ಮಾಡಿ ಹೊರಗಿನಿಂದ ಒಂದೊಂದೇ ಜಾಯಿಂಟಿಗೆ ಸಣ್ಣ ನಳಿಕೆಯಿಂದ ಹೀಲಿಯಂ ಊದುತ್ತಾರೆ. ಒಳಗಿನ ಯಂತ್ರಕ್ಕೆ ಹೀಲಿಯಂ ವಾಸನೆ ಬಡಿದರೆ ಅಲ್ಲೇ ತೂತು.

ಚಳಿಯೂ ಇಲ್ಲಿ ಪಂಪಿನ ಕೆಲಸ ಮಾಡುತ್ತೆ. ಐಸ್ ನೀರಿನ ಸ್ಟೀಲ್ ಲೋಟದ ಹೊರಮೈಗೆ ಪಸೆ ಕೂರುತ್ತಲ್ಲ, ಹಾಗೆ ಮೈನಸ್ 269 ಡಿಗ್ರಿಯ ಗೋಡೆಗೆ ಉಳಿದ ಗಾಳಿಯೆಲ್ಲ ಹೆಪ್ಪುಗಟ್ಟಿ ಅಂಟಿಕೊಳ್ಳುತ್ತೆ. ಇಷ್ಟು ಚಳಿ ಹಳ್ಳಿಯವರಿಗೆ ಪೂರಾ ಹೊಸದೇನಲ್ಲ. ಪಶು ಆಸ್ಪತ್ರೆಗೆ ಹಸುವಿಗೆ ಇಂಜೆಕ್ಷನ್ ಕೊಡಿಸಲು ಹೋದವರು ನೋಡಿರುತ್ತೀರಿ. ಹಾಲಿನ ಕ್ಯಾನಿನಂಥ ಒಂದು ಕ್ಯಾನು, ಮುಚ್ಚಳ ಎತ್ತಿದರೆ ಬಿಳಿ ಹೊಗೆ ಬಗ್ಗಿ ನೆಲಕ್ಕಿಳಿಯುತ್ತೆ, ಡಾಕ್ಟರು ಚಿಮಟಿಗೆಯಲ್ಲಿ ಒಂದು ಸಣ್ಣ ಸ್ಟ್ರಾ ಎತ್ತುತ್ತಾರೆ. ಒಳಗಿರುವುದು ದ್ರವ ನೈಟ್ರೋಜನ್, ಮೈನಸ್ 196 ಡಿಗ್ರಿ. ಆ ಕ್ಯಾನಿನ ಎರಡು ಗೋಡೆಗಳ ನಡುವೆ ನಿರ್ವಾತ ಇರುವುದರಿಂದಲೇ ಚಳಿ ಉಳಿಯೋದು. ಆಂಟಿಮ್ಯಾಟರ್ ಬಲೆಯ ಹೊರಮೈಯನ್ನು ಮೊದಲು ನೋಡಿದಾಗ ನನಗೆ ನೆನಪಾದದ್ದು ಅದೇ ಕ್ಯಾನು. ಆಸ್ಪತ್ರೆಗಳ ಎಂಆರ್‌ಐ ಯಂತ್ರದೊಳಗೂ ಸಾಮಾನ್ಯವಾಗಿ ಸೂಪರ್‌ಕಂಡಕ್ಟರ್ ಕಾಯಿಲು ದ್ರವ ಹೀಲಿಯಂನಲ್ಲಿ ಮುಳುಗಿರುತ್ತೆ.

ಎರಡು ಕಿಂಡಿ, ಒಂದು ಲಾರಿ

ಇಷ್ಟೆಲ್ಲ ಕಟ್ಟಿ ಅಳೆದದ್ದೇನು? ಮೊದಲನೆಯದು ಬಣ್ಣ. ಹೈಡ್ರೋಜನ್ ಪರಮಾಣುವಿಗೆ ಸರಿಯಾದ ಬಣ್ಣದ ಲೇಸರ್ ಕೊಟ್ಟರೆ ಅದು ಕೆಳಗಿನ ಮಟ್ಟದಿಂದ ಮೇಲಿನ ಮಟ್ಟಕ್ಕೆ ಹಾರುತ್ತೆ. ಆಂಟಿಹೈಡ್ರೋಜನ್ನಿಗೂ ಅದೇ ಬಣ್ಣವಾ? 2016ರಲ್ಲಿ ಮೊದಲ ಸಲ ನೋಡಿದರು. 2018ರ ಅಳತೆಯಲ್ಲಿ ಎರಡೂ ಲಕ್ಷ ಕೋಟಿಯಲ್ಲಿ ಎರಡು ಭಾಗದ ನಿಖರತೆಗೆ ಒಂದೇ ಅಂತ ಬಂತು. ಇದು ಎಷ್ಟು? ದಾವಣಗೆರೆಯಿಂದ ಬೆಂಗಳೂರಿಗೆ ಸುಮಾರು 260 ಕಿಲೋಮೀಟರ್. ಆ ದೂರವನ್ನು ಈ ನಿಖರತೆಯಲ್ಲಿ ಅಳೆದರೆ ತಪ್ಪು ತಲೆಗೂದಲಿನ ದಪ್ಪದ ನೂರನೇ ಒಂದು ಭಾಗಕ್ಕಿಂತ ಕಡಿಮೆ.

ಎರಡನೆಯದು ಎಲ್ಲರೂ ಕೇಳುವ ಪ್ರಶ್ನೆ. ಆಂಟಿಮ್ಯಾಟರ್ ಕೈಬಿಟ್ಟರೆ ಕೆಳಗೆ ಬೀಳುತ್ತಾ, ಮೇಲಕ್ಕೆ ಹೋಗುತ್ತಾ? ಇಲ್ಲಿ ಬೇಕಾದರೆ ಚಿತ್ರದುರ್ಗದ ಕಿಂಡಿಯನ್ನು ನೆನೆಸಿಕೊಳ್ಳಿ. ಆಲ್ಫಾ-ಜಿ ಅನ್ನುವ ಬಲೆ ನೆಟ್ಟಗೆ ನಿಂತಿರುತ್ತೆ, ಮೇಲೊಂದು ಕಿಂಡಿ, ಕೆಳಗೊಂದು ಕಿಂಡಿ. ನೂರರಷ್ಟು ಪರಮಾಣು ಒಳಗಿರುವಾಗ ಎರಡೂ ತುದಿಯ ಕಾಂತವನ್ನು ಸುಮಾರು 20 ಸೆಕೆಂಡಿನಲ್ಲಿ ನಿಧಾನಕ್ಕೆ ಇಳಿಸುತ್ತಾರೆ. ಯಾವ ಕಿಂಡಿಯಿಂದ ಎಷ್ಟು ಹೊರಬಂದವು ಎಣಿಸುತ್ತಾರೆ. ಸಾಮಾನ್ಯ ಹೈಡ್ರೋಜನ್ ಆಗಿದ್ದರೆ ನೂರಕ್ಕೆ 80ರಷ್ಟು ಕೆಳಗಿನಿಂದ ಬರಬೇಕು. 2023ರ ಸೆಪ್ಟೆಂಬರಿನಲ್ಲಿ ಬಂದ ಉತ್ತರ: ಆಂಟಿಹೈಡ್ರೋಜನ್ನೂ ಕೆಳಗೇ ಬೀಳುತ್ತೆ. ಭೂಮಿಯ ಎಳೆತದ 0.75 ಪಟ್ಟು ಅಂತ ಅಳತೆ, ಎರಡೂ ಕಡೆ ಸುಮಾರು 0.2 ಹೆಚ್ಚುಕಮ್ಮಿ. ಅಂದರೆ ನಮ್ಮ ಕಲ್ಲು ಬೀಳುವ ಹಾಗೇ ಬೀಳುತ್ತೆ ಅನ್ನೋದಕ್ಕೆ ಇದು ಅಡ್ಡಿಯಲ್ಲ, ಮೇಲಕ್ಕೆ ಹಾರುತ್ತೆ ಅನ್ನೋದು ಮಾತ್ರ ಮುಗಿದ ಕತೆ.

ಈ ಪ್ರಯೋಗದ ಕಷ್ಟ ಪೂರಾ ವೈಂಡಿಂಗಿನದ್ದು. ಬಲೆಯೊಳಗೆ ಭೂಮಿಯ ಎಳೆತದ ಪ್ರಭಾವ ಮೇಲಿನಿಂದ ಕೆಳಗಿನ ತನಕ ಸೇರಿ ಐದು ಗಾಸ್‌ಗಿಂತ (ಗಾಸ್ ಅಂದರೆ ಕಾಂತಕ್ಷೇತ್ರದ ಅಳತೆ) ಕಡಿಮೆ ಕಾಂತದ ವ್ಯತ್ಯಾಸಕ್ಕೆ ಸಮ. ಫ್ರಿಜ್ ಬಾಗಿಲಿಗೆ ಅಂಟಿಸುವ ಗೊಂಬೆಯ ಮ್ಯಾಗ್ನೆಟ್ಟೇ ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಮೇಲಿನ ಕಾಯಿಲೂ ಕೆಳಗಿನ ಕಾಯಿಲೂ ಚೂರು ಹೆಚ್ಚುಕಮ್ಮಿ ಆದರೆ ಆಂಟಿಮ್ಯಾಟರ್ ಮೇಲಕ್ಕೆ ಬಿತ್ತು ಅಂತ ತಪ್ಪು ಉತ್ತರ ಬರುತ್ತೆ.

ಈಗ ನಡೆಯುತ್ತಿರುವ ಇನ್ನೊಂದು ಕೆಲಸ ಸಾಗಣೆ. ಆಂಟಿಪ್ರೋಟಾನ್ ಹುಟ್ಟುವ ಕಟ್ಟಡದಲ್ಲಿ ದೊಡ್ಡ ಯಂತ್ರಗಳು ಓಡುತ್ತಲೇ ಇರುತ್ತವೆ. ಅವುಗಳಿಂದ ಕಾಂತಕ್ಷೇತ್ರ ಅಲುಗುತ್ತೆ. ನಿಖರವಾಗಿ ಅಳೆಯಬೇಕಾದರೆ ದೂರದ ಸದ್ದಿಲ್ಲದ ಜಾಗಕ್ಕೆ ಒಯ್ಯಬೇಕು. ಬೇಸ್ ತಂಡ ಅದಕ್ಕೆ ಒಂದು ಟನ್ ತೂಕದ, ಪ್ರಯೋಗಾಲಯದ ಬಾಗಿಲಲ್ಲಿ ಹಿಡಿಸುವ ಬಲೆ ಮಾಡಿತು. 2024ರ ಅಕ್ಟೋಬರಿನಲ್ಲಿ ಅದರೊಳಗೆ 70 ಪ್ರೋಟಾನ್ ಇಟ್ಟು ಲಾರಿಯ ಮೇಲೆ ಸರ್ನ್ ಆವರಣದಲ್ಲಿ ಸುತ್ತು ಹೊಡೆಸಿ ಸುರಕ್ಷಿತವಾಗಿ ತಂದಿತು. ಆಂಟಿಪ್ರೋಟಾನಿಗೆ ಮುಂಚೆ ಪ್ರೋಟಾನಿನಲ್ಲಿ ತಾಲೀಮು. ಒಯ್ಯಬೇಕೆಂದಿರುವ ಜಾಗಗಳಲ್ಲಿ ಒಂದಾದ ಜರ್ಮನಿಯ ಡುಸೆಲ್‌ಡಾರ್ಫ್ ಮುಟ್ಟಲು ಕಡಿಮೆಯೆಂದರೂ ಎಂಟು ಗಂಟೆಯ ದಾರಿ. ಅಷ್ಟು ಹೊತ್ತು ಮ್ಯಾಗ್ನೆಟ್ 8.2 ಕೆಲ್ವಿನ್ನಿಗಿಂತ ಬಿಸಿಯಾಗಬಾರದು, ಅದಕ್ಕೆ ಲಾರಿಯಲ್ಲೇ ಜನರೇಟರ್. ಈ ಸುದ್ದಿ ಓದಿದಾಗ ನನಗೆ ಮೊದಲು ಹೊಳೆದದ್ದು ನಮ್ಮ ಹಳ್ಳಿ ರಸ್ತೆಗಳ ಹಂಪುಗಳು.

ಚಳ್ಳಕೆರೆಯ ಭಯ, ನಮ್ಮ ಬೀಗ

ಇದನ್ನೆಲ್ಲ ಒಮ್ಮೆ ಚಳ್ಳಕೆರೆಯ ನೆಂಟರ ಮನೆಯಲ್ಲಿ ಹೇಳುತ್ತಿದ್ದೆ. ದೊಡ್ಡಪ್ಪ ಕೇಳಿದರು, "ಕುದಾಪುರದಾಗೆ ಇದನ್ನೂ ತರ್ತಾರೇನಪ್ಪ?" ಕೇಳೋದು ಸಹಜ. ಅಲ್ಲಿನ ಅಮೃತಮಹಲ್ ಕಾವಲಿನಲ್ಲಿ ಇಸ್ರೋ, ಡಿಆರ್‌ಡಿಒ, ಭಾಭಾ ಅಣು ಸಂಶೋಧನಾ ಕೇಂದ್ರ, ಭಾರತೀಯ ವಿಜ್ಞಾನ ಸಂಸ್ಥೆ ಎಲ್ಲಕ್ಕೂ ಜಾಗ ಕೊಟ್ಟಿದ್ದಾರೆ. ಕುರಿ ದನ ಮೇಯಿಸುತ್ತಿದ್ದವರ ತಕರಾರು ಹಸಿರು ನ್ಯಾಯಮಂಡಳಿಯ ತನಕ ಹೋಯಿತು. ಬೇಲಿ ಮೊದಲು ಬಂತು, ವಿವರಣೆ ಆಮೇಲೆ. ಹಾಗಿರುವಾಗ ವಿಜ್ಞಾನ ಅಂದರೆ ಬೇಲಿ ಅಂತ ಜನ ಅಂದುಕೊಂಡರೆ ಅವರ ತಪ್ಪೇನು?

ದೊಡ್ಡಪ್ಪನಿಗೆ ಲೆಕ್ಕ ಕೊಟ್ಟೆ. ಒಂದು ಗ್ರಾಂ ಆಂಟಿಮ್ಯಾಟರ್ ಒಂದು ಗ್ರಾಂ ಮಾಮೂಲಿ ವಸ್ತುವಿಗೆ ತಾಗಿದರೆ ಹಿರೋಶಿಮಾ ಬಾಂಬಿನ ಸುಮಾರು ಮೂರು ಪಟ್ಟು ಶಕ್ತಿ. ಅದು ನಿಜ. ಆದರೆ ಸರ್ನ್ ಇಲ್ಲಿಯವರೆಗೆ ಮಾಡಿದ ಆಂಟಿಮ್ಯಾಟರನ್ನೆಲ್ಲ ಒಟ್ಟುಗೂಡಿಸಿ ಉರಿಸಿದರೂ ಒಂದು ಬಲ್ಬು ಕೆಲವು ನಿಮಿಷ ಉರಿದೀತು ಅಷ್ಟೇ. ಒಂದು ಗ್ರಾಂ ಮಾಡಲು ಈಗಿನ ದರದಲ್ಲಿ ಕೋಟ್ಯಂತರ ವರ್ಷ ಬೇಕು. ಅದನ್ನು ಮಾಡಲು ಹಾಕುವ ಕರೆಂಟು ಅದರಿಂದ ಬರುವುದಕ್ಕಿಂತ ಎಷ್ಟೋ ಕೋಟಿ ಪಟ್ಟು ಜಾಸ್ತಿ. ಬಾಂಬು ಮಾಡುವವರು ಈ ಕಡೆ ತಲೆ ಹಾಕಿ ಮಲಗೋದಿಲ್ಲ.

ನನ್ನ ಚಿಂತೆ ಬೇರೆ. ಭಾರತ 2017ರಿಂದ ಸರ್ನಿನ ಸಹಸದಸ್ಯ ದೇಶ. ನಮ್ಮ ಕಂಪನಿಗಳು ಅಲ್ಲಿನ ಟೆಂಡರಿಗೆ ನಿಲ್ಲಬಹುದು. ಅದಕ್ಕೂ ಮುಂಚೆ ದೊಡ್ಡ ಕೊಲೈಡರಿನ ಮ್ಯಾಗ್ನೆಟ್ಟುಗಳನ್ನು ಹೊತ್ತು ಕೂದಲೆಳೆಯಷ್ಟು ಸರಿಸಿ ನಿಲ್ಲಿಸುವ ಸುಮಾರು 7,000 ಜಾಕ್‌ಗಳು ಇಲ್ಲಿಂದಲೇ ಹೋಗಿವೆ. ಆಂಟಿಮ್ಯಾಟರ್ ಮೇಲೇ ಕೆಲಸ ಮಾಡುವ ಏಜಿಸ್ ತಂಡದಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ ಇದೆ. 2024ರಲ್ಲಿ ಆ ತಂಡ ಎಲೆಕ್ಟ್ರಾನು ಪಾಸಿಟ್ರಾನು ಜೋಡಿಯಾದ ಪಾಸಿಟ್ರೋನಿಯಂ ಅನ್ನು ಲೇಸರಿನಿಂದ 380 ಕೆಲ್ವಿನ್ನಿನಿಂದ 170ಕ್ಕೆ ಇಳಿಸಿತು. ಹಾಗಾದರೆ ಕೈ ಇದೆ, ಬಾಗಿಲೂ ಇದೆ.

ಆದರೆ ಕಾಲೇಜಿನೊಳಗೆ ನೋಡಿ. ನಾನು ಬಿಎಸ್ಸಿ ಓದಿದ ಕಾಲೇಜಿನಲ್ಲಿ ಒಂದು ರೋಟರಿ ವ್ಯಾಕ್ಯೂಮ್ ಪಂಪ್ ಇತ್ತು. ಗಾಜಿನ ಬೀರುವಿನಲ್ಲಿ, ಮೂರು ವರ್ಷ. ಬೀಗದ ಕೈ ನಿವೃತ್ತರಾದ ಒಬ್ಬರ ಹತ್ತಿರ ಇದೆ ಅನ್ನುತ್ತಿದ್ದರು. ಪರೀಕ್ಷೆಯಲ್ಲಿ ಅದರ ಚಿತ್ರ ಬರೆದು ಭಾಗಗಳನ್ನು ಗುರುತಿಸಿ ಹತ್ತಕ್ಕೆ ಒಂಬತ್ತು ತೆಗೆದುಕೊಂಡೆ. ಅದರ ಸದ್ದು ಹೇಗಿರುತ್ತೆ ಅಂತ ಗೊತ್ತಾದದ್ದು ಎಷ್ಟೋ ವರ್ಷ ಆದಮೇಲೆ, ಫ್ರಿಜ್ ರಿಪೇರಿಯವರು ಗ್ಯಾಸ್ ತುಂಬುವ ಮುಂಚೆ ಮನೆಯಲ್ಲೇ ಅಂಥದ್ದನ್ನು ಹಚ್ಚಿದಾಗ.

ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿಗೆ ಕೊರತೆ ಇಲ್ಲ. ಲೇತು, ವೆಲ್ಡಿಂಗು, ವೈಂಡಿಂಗು ಬೀದಿಗೊಂದು. ಎರಡೂ ಒಂದೇ ಊರಲ್ಲಿದ್ದೂ ಒಂದರ ಹೊಸ್ತಿಲು ಇನ್ನೊಂದು ತುಳಿದಿಲ್ಲ. ಆರ್ಗಾನ್ ವೆಲ್ಡಿಂಗಿನಲ್ಲಿ ಸೋರದ ಹಾಗೆ ಸ್ಟೀಲ್ ಪೈಪು ಜೋಡಿಸುವವರನ್ನು ಕಾಲೇಜಿಗೆ ಕರೆದು ಒಂದು ಸಣ್ಣ ವ್ಯಾಕ್ಯೂಮ್ ಪಾತ್ರೆ ಮಾಡಿಸಿ, ಹುಡುಗರ ಕೈಯಲ್ಲಿ ಅದರ ಸೋರಿಕೆ ಹುಡುಕಿಸಿದರೆ ಖರ್ಚು ಎಷ್ಟು ಆದೀತು? ಒಂದು ವಾರ್ಷಿಕೋತ್ಸವದ ಶಾಮಿಯಾನದ ಬಾಡಿಗೆಯಷ್ಟು. ಬಳೆಯಾಕಾರದ ಎಲೆಕ್ಟ್ರೋಡ್ ಇಟ್ಟು ಧೂಳಿನ ಕಣವನ್ನು ಎಸಿ ವೋಲ್ಟೇಜಿನಲ್ಲಿ ತೇಲಿಸಿ ನಿಲ್ಲಿಸುವ ಪ್ರಯೋಗವನ್ನು ಪಿಯುಸಿ ಮಕ್ಕಳೇ ಮೇಷ್ಟರ ಜೊತೆ ಕೂತು ಮಾಡಬಹುದು. ಅದೂ ಒಂದು ಬಲೆಯೇ, ಪೆನ್ನಿಂಗ್ ಟ್ರ್ಯಾಪಿನ ದಾಯಾದಿ. ಕುದಾಪುರದ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಮೇಷ್ಟರುಗಳಿಗೆ ತರಬೇತಿ ನಡೆಯುತ್ತೆ. ಅಲ್ಲಿಂದ ವಾಪಸು ಬರುವಾಗ ಒಬ್ಬೊಬ್ಬರ ಚೀಲದಲ್ಲಿ ಇಂಥದ್ದೊಂದು ಇರಲಿ ಅಂತ ನನ್ನ ಆಸೆ.

ಅಂಗಡಿಯಲ್ಲಿ ಸಂಜೆ ಆರೂವರೆ ಆಗಿತ್ತು. ಮೋಟಾರಿನ ಕೊನೆಯ ಜಾಯಿಂಟಿಗೆ ಟೇಪ್ ಸುತ್ತುತ್ತಾ ಅಣ್ಣ ಇನ್ನೊಂದು ಪ್ರಶ್ನೆ ಉಳಿಸಿಕೊಂಡಿದ್ದರು. "ಅಲ್ಲಿ ಕರೆಂಟ್ ಹೋದ್ರೆ ಏನ್ ಮಾಡ್ತಾರ್ರೀ ಸರ?"

ಆಂಟಿಪ್ರೋಟಾನ್‌ಗಳನ್ನು ತಿಂಗಳುಗಟ್ಟಲೆ ಇಡುವ ಬಲೆಗೆ ಯುಪಿಎಸ್ ಇಟ್ಟಿರುತ್ತಾರೆ, ಅದರ ಮ್ಯಾಗ್ನೆಟ್ಟಿನ ಕರೆಂಟು ಒಮ್ಮೆ ತುಂಬಿದರೆ ಅಡ್ಡಿಯಿಲ್ಲದೆ ತಾನೇ ಸುತ್ತುತ್ತಾ ಇರುತ್ತೆ ಅಂದೆ. ಅವರು ಕೈ ತಡೆದು ನನ್ನ ಮುಖ ನೋಡಿದರು.

"ಒಮ್ಮೆ ಕೊಟ್ಟ ಕರೆಂಟು ಅದರಾಗೇ ಸುತ್ತತೈತಿ?"

"ಹೌದು."

"ಮೀಟರ್ ಓಡಂಗಿಲ್ಲ?"

"ಆ ಕಾಯಿಲಿಗೆ ಇಲ್ಲ. ತಣ್ಣಗೆ ಇಡೋಕೆ ಮಾತ್ರ ಓಡುತ್ತೆ."

ಸ್ವಲ್ಪ ಹೊತ್ತು ಯೋಚಿಸಿದರು. ಆಮೇಲೆ ನಮ್ಮ ಮೋಟಾರಿನ ಮೂರು ತುದಿಗೂ ಮೆಗ್ಗರ್ ಹಚ್ಚಿ ನೋಡಿ, ಚೀಟಿಯ ಮೇಲೆ ಸುತ್ತಿನ ಲೆಕ್ಕ ಬರೆದು ಮಾವನಿಗೆ ಕೊಡಿ ಅಂತ ನನ್ನ ಜೇಬಿಗೆ ತುರುಕಿದರು.